ಸಿಕಂದರಾಬಾದಿನ ವೈದ್ಯಕವಿ

ವೈದ್ಯವೃತ್ತಿಯನ್ನೂ ಕಲಾಸಕ್ತಿಯನ್ನೂ ಒಡಗೂಡಿಸಿಕೊಂಡು ಹೈದರಾಬಾದಿನ ಚರಿತ್ರೆಯಲ್ಲಿ ನಿಂತವನು ರೊನಾಲ್ಡ್ ರಾಸ್. 1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯನಾಗಿದ್ದಾಗಲೇ, ನಿಂತ ನೀರನ್ನು ಚೆಲ್ಲಿಸಿದರೆ ಸೊಳ್ಳೆಗಳು ಕಡಮೆಯಾಗುವುದನ್ನು ಗಮನಿಸಿದ್ದ ಈತನು, 1897ರ ಆಗಸ್ಟ್ ಮಾಸದಲ್ಲಿ ಸಿಕಂದರಾಬಾದಿನಲ್ಲಿ, ಬೀಸಣಿಗೆಯಾಡಿದರೆ ಸೊಳ್ಳೆಗಳು ಹಾರಿಹೋದಾವೆಂದು ಗಾಳಿಯನ್ನೇ ತೊರೆದು, ಹಣೆಯ ಬೆವರಿಳಿದು ತಿರುಪುಗಳು ತುಕ್ಕುಹಿಡಿದ ಸೂಕ್ಷ್ಮದರ್ಶಕದ ಮುಂದೆ ಕುಳಿತು, ರೋಗಿ ಹುಸೇನ್ ಖಾನನ ರಕ್ತ ಹೀರಿದ್ದ ಸೊಳ್ಳೆಗಳನ್ನು ಒಂದೊಂದಾಗಿ ಸೀಳುತ್ತ, 20ನೆಯ ತಾರೀಖಿನಂದು ಜಠರಭಿತ್ತಿಯಲ್ಲಿ ಮಲೇರಿಯಾದ ಕಪ್ಪುಕಣಗಳುಳ್ಳ ಕೋಶಗಳನ್ನು ಕಂಡನು. ಕಚ್ಚಿಸಿಕೊಂಡ ಖಾನನಿಗೆ ದೊರೆತದ್ದು ಸೊಳ್ಳೆಯೊಂದಕ್ಕೆ ಒಂದಾಣೆ. ರಾಸನಿಗೆ 1902ರ ನೊಬೆಲ್ ಪಾರಿತೋಷಕ! ಶೋಧದ ಹರ್ಷವನ್ನು ಆತನು ಪದ್ಯವಾಗಿಸಿ ಪತ್ನಿಗೆ ಕಳುಹಿದನು. ಕಾವ್ಯದೃಷ್ಟಿಯಿಂದ ಅದು ಅಸಾಧಾರಣವಲ್ಲವೆಂದೇ ನನ್ನೆಣಿಕೆ. ಈ ಶೋಧ ನಡೆದ ಬೇಗಂಪೇಟೆಯ ಕಟ್ಟಡವು ಆತನ ಹೆಸರನ್ನು ಹೊತ್ತು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಲನೆಗೆ ಬಂದಿತು.