ಮೊರಪ್ಪೂರು ಸೀಮೆಯ ಕನ್ನಡ ಮತ್ತು ಜನಗಣತಿಯ ಕೋಷ್ಟಕಗಳು: ಒಂದು ಟಿಪ್ಪಣಿ

ದತ್ತಾಂಶ ವಿಶ್ಲೇಷಣೆ ಕಲಿಯುವವರು ಅಭ್ಯಾಸಕ್ಕೆಂದು ಸಾಮಾನ್ಯವಾಗಿ ಎತ್ತಿಕೊಳ್ಳುವುದು ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯನ್ನು, ಇಲ್ಲವೇ ಐರಿಸ್ ಹೂವಿನ ಅಳತೆಗಳನ್ನು. ಧರ್ಮಪುರಿ ಜಿಲ್ಲೆಯ ಮೊರಪ್ಪೂರು ಕಡೆಯ ಕನ್ನಡ ಮನೆಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಾಮಗ್ರಿ ಪುಕ್ಕಟೆಯಾಗಿಯೇ ಸಿಗುತ್ತದೆ: ಜನಗಣತಿಯ ಸಿ-16 ಕೋಷ್ಟಕ, ಅಂದರೆ ಮಾತೃಭಾಷೆವಾರು ಜನಸಂಖ್ಯೆ. 2011ರ ಕೋಷ್ಟಕ ತಾಲೂಕಿನವರೆಗೂ ಇಳಿಯುತ್ತದೆ. ಜನಗಣತಿಯ ಜಾಲತಾಣದಿಂದ ಎಕ್ಸೆಲ್ ಕಡತವಾಗಿ ಯಾರು ಬೇಕಾದರೂ ಪಡೆಯಬಹುದು. ಅಲ್ಲಿ ಮೊರಪ್ಪೂರನ್ನು ಹುಡುಕಬೇಕಾದದ್ದು ಹರೂರು ತಾಲೂಕಿನಲ್ಲಿ.

ಆದರೆ ಎರಡು ಗಣತಿಗಳನ್ನು ಹೋಲಿಸುವ ಮುನ್ನ ಜಿಲ್ಲೆಯ ಗಡಿ ನೋಡಬೇಕು. 2001ರ ಗಣತಿಯಲ್ಲಿ ಧರ್ಮಪುರಿ ಜಿಲ್ಲೆಯ ಜನಸಂಖ್ಯೆ 28,56,300, 2011ರಲ್ಲಿ 15,06,843. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹತ್ತೇ ವರ್ಷದಲ್ಲಿ ಅರ್ಧ ಜಿಲ್ಲೆ ಬರಿದಾದಂತೆ ಕಾಣುತ್ತದೆ. ನಡೆದದ್ದು ಬೇರೆ. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಈಗಿನ ಧರ್ಮಪುರಿಯ ಭಾಗವನ್ನಷ್ಟೇ ಲೆಕ್ಕ ಹಿಡಿದರೆ 2001ರಲ್ಲಿ ಇದ್ದವರು 12,95,182 ಮಂದಿ. ಹಾಗಾಗಿ ಆ ದಶಕದಲ್ಲಿ ಆದದ್ದು ಇಳಿಕೆಯಲ್ಲ, ಶೇ. 16.3ರಷ್ಟು ಏರಿಕೆ.

ಕನ್ನಡದ ಮಟ್ಟಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕನ್ನಡಿಗರು ಗಣನೀಯವಾಗಿರುವ ಹೊಸೂರು, ಡೆಂಕಣಿಕೋಟೆಗಳು ಕೃಷ್ಣಗಿರಿಗೆ ಹೋದವು. 2001ರ ಧರ್ಮಪುರಿಯ ಕನ್ನಡಿಗರ ಸಂಖ್ಯೆಗೆ 2011ರ ಧರ್ಮಪುರಿಯ ಸಂಖ್ಯೆಯನ್ನು ಹೋಲಿಸಿ, ಇಲ್ಲಿ ಕನ್ನಡ ಅಳಿಯುತ್ತಿದೆ ಎಂದು ಬರೆಯುವುದು ತಪ್ಪು. ಹೋಲಿಸಬೇಕಾದದ್ದು 2011ರ ಧರ್ಮಪುರಿ, ಕೃಷ್ಣಗಿರಿಗಳ ಮೊತ್ತವನ್ನು. 1961ಕ್ಕೆ ಹೋಗುವವರ ಕೆಲಸ ಇನ್ನೂ ದೊಡ್ಡದು: ಧರ್ಮಪುರಿಯೇ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ನಾಮಕ್ಕಲ್ ಬೇರೆಯಾದದ್ದು 1997ರಲ್ಲಿ. ಹಳೆಯ ಸೇಲಂಗೆ ಸಮನಾಗಲು ಇಂದಿನ ನಾಲ್ಕು ಜಿಲ್ಲೆಗಳನ್ನು ಒಟ್ಟುಗೂಡಿಸಬೇಕು.

ಕಡತದೊಳಗೂ ಒಂದು ತೊಡಕಿದೆ. 2011ರ ತಾಲೂಕು ಸಂಕೇತಗಳು ಐದಂಕಿಯವು, ಸೊನ್ನೆಯಿಂದ ಶುರುವಾಗುತ್ತವೆ. ಆ ಕಾಲಮ್ಮನ್ನು ಸಂಖ್ಯೆಯೆಂದು ಓದಿಸಿದರೆ ಮೊದಲ ಸೊನ್ನೆ ಬಿದ್ದುಹೋಗಿ, ಇನ್ನೊಂದು ಕೋಷ್ಟಕದೊಡನೆ ಜೋಡಿಸುವಾಗ ಸಾಲುಗಳು ತಾಳೆಯಾಗುವುದಿಲ್ಲ. ಅದನ್ನು ಅಕ್ಷರವಾಗಿಯೇ ಓದಿಸಬೇಕು.

ಕನ್ನಡ ಎಂಬ ತಲೆಬರಹವೂ ಒಂದೇ ಸಾಲಲ್ಲ. ಬಡಗ ಎಂಬ ಮಾತೃಭಾಷೆಯೂ ಅದರಡಿಯಲ್ಲೇ ಸೇರಿದೆ. 2011ರಲ್ಲಿ ಜನ ಹೇಳಿದ 19,569 ಹೆಸರುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳಿಗೆ ಇಳಿಸಲಾಯಿತು. ಆದ್ದರಿಂದ ತಲೆಬರಹದ ಮೊತ್ತ ಬೇಕೋ, ಅದರ ಕೆಳಗಿನ ‘ಕನ್ನಡ’ ಎಂಬ ಸಾಲು ಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಎರಡನ್ನೂ ಕೂಡಿದರೆ ಅದೇ ಜನ ಎರಡು ಸಲ ಎಣಿಕೆಯಾಗುತ್ತಾರೆ.

ಈ ಕೋಷ್ಟಕಕ್ಕೆ ಕೇಳಬಾರದ ಪ್ರಶ್ನೆಯೂ ಇದೆ. ಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಮಾತು. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಕಲಿತು, ಕನ್ನಡ ಅಕ್ಷರವನ್ನೇ ಓದಲಾರದವರೂ ಇಲ್ಲಿ ಕನ್ನಡದ ಸಾಲಿಗೇ ಬರುತ್ತಾರೆ. ಗಡಿಯಾಚೆಯ ಕನ್ನಡಕ್ಕೆ ಎಷ್ಟು ಶಾಲೆ ಬೇಕು, ಎಷ್ಟು ಪುಸ್ತಕ ಬೇಕು ಎಂದು ವಾದಿಸುವವರು ಈ ಒಂದು ಅಂಕಿಯ ಮೇಲೆ ನಿಲ್ಲಬಾರದು. ಶಾಲೆಗಳ ಯುಡೈಸ್ ದತ್ತಾಂಶದಲ್ಲಿರುವ ಬೋಧನಾ ಮಾಧ್ಯಮದ ವಿವರವನ್ನೂ ಅದರ ಜೊತೆಗಿಟ್ಟು ನೋಡಬೇಕು.

ಅಭ್ಯಾಸ ಆರಂಭಿಸುವವರು ತಮಿಳುನಾಡಿನ 2011ರ ಸಿ-16 ಕಡತ ತೆರೆದು 630 ಮತ್ತು 631 ಎಂಬ ಜಿಲ್ಲಾ ಸಂಕೇತಗಳನ್ನು ಸೋಸಿಕೊಳ್ಳಲಿ. ಮೊದಲನೆಯದು ಧರ್ಮಪುರಿ, ಎರಡನೆಯದು ಕೃಷ್ಣಗಿರಿ.