ಕ್ಯಾಂಟೀನ್ ಬಾಗಿಲಲ್ಲಿ ಕೊಟ್ಟ ಎಂಜಲು

ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡ್ತಿದ್ದಾಗ ಒಂದು ಮಧ್ಯಾಹ್ನ ಆಫೀಸ್ ಕ್ಯಾಂಟೀನ್ ಬಾಗಿಲಲ್ಲಿ ಟೇಬಲ್ ಹಾಕಿದ್ರು. ಹತ್ತಿ ಸುತ್ತಿದ ಕಡ್ಡಿಯನ್ನ ಕೆನ್ನೆ ಒಳಗೆ ಆಡಿಸಿ ಕೊಡಿ, ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ ಇರೋರಿಗೆ ಸ್ಟೆಮ್ ಸೆಲ್ ಕೊಡೋರ ಪಟ್ಟಿಗೆ ಸೇರಿಸ್ತೀವಿ ಅಂದ್ರು. ಕೊಟ್ಟೆ, ಸಹಿ ಹಾಕಿದೆ, ಊಟಕ್ಕೆ ಹೋದೆ. ಎಂಜಲು ಅಂದ್ರೆ ಮೂಗು ಮುರಿಯೋ ಮನೇಲಿ ಬೆಳೆದವನು ನಾನು!

ಆ ಫಾರಂ ಹಿಂದಿನ ಕಥೆ 1958ಕ್ಕೆ ಹೋಗುತ್ತೆ. ಪ್ಯಾರಿಸ್‌ನ ವೈದ್ಯ ಜಾನ್ ದೊಸ್ಸೆ ಬಿಳಿ ರಕ್ತಕಣಗಳ ಮೇಲೆ ಒಂದು ಗುರುತು ಪತ್ತೆ ಮಾಡಿದರು. ಹೊರಗಿಂದ ಬಂದ ಅಂಗಾಂಶ ನಮ್ಮದೋ ಪರರದ್ದೋ ಅಂತ ದೇಹ ತೀರ್ಮಾನಿಸೋದು ಇಂಥ ಗುರುತು ನೋಡಿ. ಈಗ ಇದಕ್ಕೆ ಎಚ್‌ಎಲ್‌ಎ ಅಂತೀವಿ. ಆಗ ಒಂದೊಂದು ಲ್ಯಾಬಿಗೆ ಒಂದೊಂದು ವಿಧಾನ, ಒಂದೊಂದು ಹೆಸರು. 1964ರಲ್ಲಿ ಅಮೆರಿಕದ ಡರ್ಹಮ್‌ನಲ್ಲಿ ಬರ್ನಾರ್ಡ್ ಏಮೋಸ್ ಎಲ್ಲರನ್ನೂ ಕೂರಿಸಿ, ಅವವೇ ರಕ್ತದ ಮಾದರಿಗಳನ್ನು ಪರೀಕ್ಷೆ ಮಾಡಿಸಿದ್ರು. ಉತ್ತರಗಳು ತಾಳೆಯೇ ಆಗ್ಲಿಲ್ಲ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಜಾಗ ಇದು. ಯಾರೂ ಮುನಿಸಿಕೊಂಡು ಮನೆಗೆ ಹೋಗ್ಲಿಲ್ಲ. ಸೀರಮ್ಮು, ಮಾಹಿತಿ ಎಲ್ಲಾ ಹಂಚಿಕೊಂಡು 1965ರಲ್ಲಿ ಲೈಡನ್‌ನಲ್ಲಿ, 1967ರಲ್ಲಿ ಟ್ಯೂರಿನ್‌ನಲ್ಲಿ ಮತ್ತೆ ಸೇರಿದ್ರು. 1968ಕ್ಕೆ ಎಲ್ಲರೂ ಒಂದೇ ಹೆಸರಿಗೆ ಒಪ್ಪಿದ್ರು.

ಒಡಹುಟ್ಟಿದವರ ಗುರುತು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ರೆ? ಮಗ ಆಂಟನಿಗಾಗಿ ಶರ್ಲಿ ನೋಲನ್ 1974ರಲ್ಲಿ ಲಂಡನ್‌ನಲ್ಲಿ ದಾನಿಗಳ ಪಟ್ಟಿ ಶುರು ಮಾಡಿದ್ರು. ಹೊಂದೋ ದಾನಿ ಸಿಗದೆ 1979ರಲ್ಲಿ ಹುಡುಗ ತೀರಿಕೊಂಡ. ಪಟ್ಟಿ ಉಳೀತು. 1989ರಲ್ಲಿ ಲೈಡನ್‌ನಿಂದ ಎಂಟು ಪಟ್ಟಿಗಳನ್ನು ಕೂಡಿಸಿದ ಮೊದಲ ಜಾಗತಿಕ ಪಟ್ಟಿ ಬಂತು, ಸುಮಾರು 1,55,000 ದಾನಿಗಳದ್ದು. ಈಗ ಅದು ನಾಲ್ಕು ಕೋಟಿ ದಾಟಿದೆ.

ಆದ್ರೆ ಅದರಲ್ಲಿ ನಾವೆಷ್ಟು? ಈ ಗುರುತು ವಂಶದಿಂದ ಬರೋದು. ಜಾತಿ ಒಳಗೇ, ಸೋದರಮಾವನ ಮನೆಗೇ ಹೆಣ್ಣು ಕೊಟ್ಟುಕೊಂಡು ಬಂದ ನಮಗೆ ಯುರೋಪಿನವರ ಪಟ್ಟಿಯಲ್ಲಿ ಹೊಂದೋರು ಸಿಗೋದು ಕಷ್ಟ. ಚೆನ್ನೈನಲ್ಲಿ ‘ದಾತ್ರಿ’ 2009ರಲ್ಲಿ ಬಂತು. ಜರ್ಮನಿಯ ಡಿಕೆಎಂಎಸ್, ನಮ್ಮ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಜೊತೆ ಸೇರಿ ಇಲ್ಲಿ ಶುರುವಾಗಿದ್ದು 2019ರಲ್ಲಿ. ಕಸಿಯಾದವರ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದಾನಿಯ ವಯಸ್ಸು ಕಮ್ಮಿ ಇದ್ದಷ್ಟೂ ರೋಗಿಗೆ ಒಳ್ಳೇದು ಅಂತ ತಿಳೀತು. ಟೇಬಲ್ ಐಟಿ ಪಾರ್ಕ್‌ಗೆ, ಕಾಲೇಜಿಗೆ ಬರೋದು ಸುಮ್ನೆ ಅಲ್ಲ.

ನನ್ನ ಮಾಹಿತಿ ಯಾರ ಕೈಗೆ ಹೋಗುತ್ತೆ ಅನ್ನೋ ಅಳುಕು ನನಗೂ ಇತ್ತು. ದಾನಿ ಹುಡುಕೋ ವೈದ್ಯರಿಗೆ ಕಾಣೋದು ಹೆಸರಲ್ಲ, ಒಂದು ಸಂಕೇತ ಸಂಖ್ಯೆ ಮತ್ತು ಎಚ್‌ಎಲ್‌ಎ ವಿವರ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೇಸು ಹಾಕಿದ್ದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೇಡ ಅನಿಸಿದ್ರೆ ಯಾವಾಗ ಬೇಕಾದ್ರೂ ಹಿಂದೆ ಸರಿಯಬಹುದು. ಆದ್ರೆ ಕಸಿಗೆ ಮುಂಚೆ ರೋಗಿಯ ಅಸ್ಥಿಮಜ್ಜೆಯನ್ನ ಔಷಧಿ ಕೊಟ್ಟು ನಾಶ ಮಾಡಿರ್ತಾರೆ. ಆಮೇಲೆ ದಾನಿ ಕೈಕೊಟ್ರೆ ಆ ಜೀವ ಉಳಿಯೋದು ಬಹಳ ಕಷ್ಟ.

ಇನ್ನೊಂದು ಹೇಳ್ಬೇಕು. ಕೆಲಸ ಬದಲಾಯಿಸಿದಾಗ ನನ್ನ ನಂಬರ್ ಬದಲಾಯ್ತು, ಕೊಟ್ಟಿದ್ದ ಆಫೀಸ್ ಮೇಲ್ ಕೂಡ ಹೋಯ್ತು. ಇಷ್ಟು ದಿನ ಪಟ್ಟಿಯಲ್ಲಿ ನನ್ನ ಗುರುತಿತ್ತು, ನಾನಿರಲಿಲ್ಲ. ಈ ಎಪಿಸೋಡ್ ಬರೀತಾ ಇದು ಹೊಳೆದು, ಮೊನ್ನೆ ಹೊಸ ನಂಬರ್ ಕಳಿಸಿದೆ.