ಗ್ರೀಲಿ: ರೈಲುದಾರಿಯೂ ಕಾಲುವೆಯೂ ಕಟ್ಟಿದ ಊರು

ಕೊಲರಾಡೋ ಸೀಮೆಯಲ್ಲಿ, ಕ್ಯಾಶ್ ಲಾ ಪೂಡರ್ ನದಿಯು ಸೌತ್ ಪ್ಲಾಟ್ ನದಿಯನ್ನು ಕೂಡುವ ಸ್ಥಳಕ್ಕೆ ಅನತಿದೂರದಲ್ಲಿ, ಅರಪಾಹೋ ಮತ್ತು ಶಯೆನ್ ಜನರು ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದ ವಿಶಾಲವಾದ ಹುಲ್ಲುಬಯಲಿನ ಮೇಲೆ, 1870ರ ವಸಂತದಲ್ಲಿ ಈ ಊರು ತಲೆಯೆತ್ತಿತು. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಕೃಷಿವಿಭಾಗದ ಸಂಪಾದಕನಾಗಿದ್ದ ನೇಥನ್ ಮೀಕರನು, ಮದ್ಯವನ್ನು ತೊರೆದು ಪರಸ್ಪರ ಸಹಕಾರದಿಂದ ಬಾಳಬಯಸುವ ಕುಟುಂಬಗಳಿಗೆ 1869ರ ಡಿಸೆಂಬರಿನಲ್ಲಿ ಆಹ್ವಾನವಿತ್ತು, ತಲಾ 155 ಡಾಲರುಗಳ ವಂತಿಗೆಯಿಂದ ಯೂನಿಯನ್ ಕಾಲೊನಿಯೆಂಬ ಸಂಘವನ್ನು ಸ್ಥಾಪಿಸಿ, ಅದರ ಪಟ್ಟಣಕ್ಕೆ ತನ್ನ ಪತ್ರಿಕೆಯ ಪ್ರಧಾನ ಸಂಪಾದಕನಾದ ಹೊರೇಸ್ ಗ್ರೀಲಿಯ ಹೆಸರನ್ನಿಟ್ಟನು. ಡೆನ್ವರ್ ನಗರವನ್ನು ಶಯೆನ್ ಪಟ್ಟಣದ ಬಳಿ ಖಂಡದಗಲದ ಮಹಾ ರೈಲುಮಾರ್ಗಕ್ಕೆ ಜೋಡಿಸಲೆಂದು ಆಗ ಹಾಕಲಾಗುತ್ತಿದ್ದ ಡೆನ್ವರ್ ಪೆಸಿಫಿಕ್ ರೈಲುದಾರಿಯೇ ಊರಿನ ನೆಲೆಯನ್ನು ನಿರ್ಣಯಿಸಿತು. ಭೂಮಿಯ ಬಹುಭಾಗವನ್ನು ಕೊಂಡದ್ದೂ ಆ ಕಂಪನಿಯಿಂದಲೇ.

ಆದರೆ ರೈಲು ಜನರನ್ನು ತರಬಲ್ಲುದೇ ಹೊರತು ಮಳೆಯನ್ನು ತರಲಾರದು. ನೀರಾವರಿಯನ್ನೇ ಕಂಡರಿಯದ ಪೂರ್ವಸೀಮೆಯ ಆ ಒಕ್ಕಲುಗಳು ಪೂಡರ್ ನದಿಯಿಂದ ಕಾಲುವೆಗಳನ್ನು ತೋಡಿದರು. ಅವು ಮೊದಲಲ್ಲಿ ಕಿರಿದಾದುವು, ಮತ್ತೆ ಅಗಲಿಸಬೇಕಾಯಿತು, ವೆಚ್ಚವು ಅಂದಾಜನ್ನು ಬಹುವಾಗಿ ಮೀರಿತು. ಅವರ ಈ ಹಠವೇ, ನಮ್ಮ ಎಣಿಕೆಯಲ್ಲಿ, ಊರಿನ ನಿಜವಾದ ಅಡಿಗಲ್ಲು. 1874ರ ಅನಾವೃಷ್ಟಿಯಲ್ಲಿ ಮೇಲ್ದಂಡೆಯ ಫೋರ್ಟ್ ಕಾಲಿನ್ಸಿನವರು ನದಿಯನ್ನು ತಿರುಗಿಸಿಕೊಳ್ಳಲು ಗ್ರೀಲಿಯ ಬೆಳೆ ಬಾಡಿತು, ವಿವಾದವೆದ್ದಿತು. ಇದರ ಬೆನ್ನಿಗೇ, ನೀರನ್ನು ಮೊದಲು ಬಳಸಿದವನಿಗೆ ಮೊದಲ ಹಕ್ಕೆಂಬ ತತ್ತ್ವವು 1876ರ ಕೊಲರಾಡೋ ಸಂವಿಧಾನದಲ್ಲಿ ಸ್ಥಾನ ಪಡೆಯಿತು.

ಮುಂದೆ ಇಲ್ಲಿನ ಆಲೂಗೆಡ್ಡೆ ಪ್ರಸಿದ್ಧವಾಯಿತು. 1902ರಲ್ಲಿ ಬೀಟ್ ಸಕ್ಕರೆಯ ಕಾರ್ಖಾನೆ ಬಂದಿತು. ಆ ಮೊದಲ ಒಕ್ಕಲುಗಳು ತೋಡಿದ 3ನೆಯ ಸಂಖ್ಯೆಯ ಕಾಲುವೆ ಇಂದಿಗೂ ನಗರದ ನಡುವೆ ಹರಿಯುತ್ತಿದೆ.